ಎಷ್ಟು ಜನ, ಸೋದರ?

ತಪಸ್ಸುಕಾಲದ ನಾಲ್ಕನೇ ವಾರ.
ಸಾವೊ ಮಿಗೆಲ್ ದ್ವೀಪದ ಸುತ್ತ ಎಂಟು ದಿನದ ನಡಿಗೆ.
ಹೆಗಲಿಗೆ ಕಂಬಳಿ, ಕೊರಳಿಗೆ ಬಣ್ಣದ ಚೌಕ,
ಒಂದು ಕೈಗೆ ಕೋಲು, ಇನ್ನೊಂದಕ್ಕೆ ಜಪಸರ.
ನಲವತ್ತೊಂದು ಗಂಡಸರು:
ಹಾಲು ಕರೆಯುವವರು, ಗಾರೆಯವರು, ಬ್ಯಾಂಕಿನ ಗುಮಾಸ್ತ,
ಮೊನ್ನೆ ತಾನೆ ಜೈಲಿಂದ ಬಂದವನೊಬ್ಬ.
ಬೂಟಿನೊಳಗೆ ಎಲ್ಲರದೂ ಅದೇ ಬೊಬ್ಬೆ.

ನಾನು ಸಾಲಿನ ಕೊನೆಯವ, ಬೇಡಿಕೆ ಪಡೆಯುವವ.
ಬಾಗಿಲಿಗೆ ಬಂದವರು ಕೇಳುತ್ತಾರೆ: "ಎಷ್ಟು ಜನ, ಸೋದರ?"
"ನಲವತ್ತೊಂದು."
ಅಷ್ಟು ನಮೋ ಮರಿಯ ಅವರು ನಮಗಾಗಿ ಹೇಳಬೇಕು,
ಅವರು ಕೊಟ್ಟದ್ದನ್ನು ನಾವು ಹೊತ್ತು ನಡೆಯಬೇಕು.
ಕೊಡುವುದು ಇನ್ನೇನನ್ನು? ಭಯವನ್ನು.
ನೆರೆಮನೆಗೆ ಉಪ್ಪು ಕೊಟ್ಟಂತೆ, ಬೊಗಸೆಯಲ್ಲಿ.

ಹಗಲಿಡೀ ಲೋಕದ ಭಯ.
"ನೆಲದ ಹಬೆಯಲ್ಲೇ ಮಾಂಸ ಬೇಯಿಸಿ ಉಣ್ಣುವವರು ನಾವು,
ಒಂದು ದಿನ ನೆಲವೇ ನಮ್ಮನ್ನು ಬೇಯಿಸಹೊರಟರೆ?
ನಿನ್ನೆ ರಾತ್ರಿ ಪಿಂಗಾಣಿ ತಟ್ಟೆಗಳು ತಾವೇ ಮಾತಾಡಿದವು."
ಬೆಸ್ತರ ಹೆಂಗಸು: "ಮುಳುಗಿದರೆ ಮುಳುಗಲಿ,
ಹೆಣ ಸಿಗುವಂತಿರಲಿ."
ಶಾಲೆಯ ಟೀಚರು: ಎದೆಯಲ್ಲಿ ಕಡಲೆಕಾಳಿನಷ್ಟು ಏನೋ.
ಒಬ್ಬ ಹುಡುಗ ಓಡಿಬಂದು ಕಿವಿಯಲ್ಲಿ:
ಮೆಟ್ಟಿಲ ಮೇಲೆ ಅಪ್ಪನ ಹೆಜ್ಜೆ, ಸಂಬಳದ ದಿನ.

ಕತ್ತಲಾದ ಮೇಲೆ ಭಯದ ಬಣ್ಣ ಬೇರೆ.
ತೆಯೊಟೋನಿಯೊ, ಎಂಬತ್ತೆಂಟು, ಕೋಲು ಹಿಡಿದು ಬಂದ:
"ನಿದ್ದೆಯಲ್ಲೇ ಹೋದವ ಪುಣ್ಯವಂತ ಅನ್ನುತ್ತಾನೆ ಡಾಕ್ಟರು.
ನನಗೆ ಆ ಪುಣ್ಯ ಬೇಡ.
ಪಾದ್ರಿ ಬರುವವರೆಗೆ ನೋವಾದರೂ ಇರಲಿ.
ತೊಳೆಯದ ಕೈಯಲ್ಲಿ ಊಟಕ್ಕೆ ಕೂರಲಾರೆ."

ದಿಯೊಲಿಂಡಾ ಹೊಸ್ತಿಲು ದಾಟಲಿಲ್ಲ.
"ಒಂದು ಗಂಟೆ ಬದುಕಿದ್ದ. ನೀರು ಬೀಳಲಿಲ್ಲ ನೆತ್ತಿಗೆ.
ಗೋಡೆಯಾಚೆ ಹೂತರು, ಹುಳಿದ್ರಾಕ್ಷಿ ಬಳ್ಳಿಯ ಹತ್ತಿರ.
ಈಗಿನ ಗುರುಗಳು ಹೇಳುತ್ತಾರೆ, ಅವನೂ ಅಲ್ಲೇ ಇದ್ದಾನೆ ಅಂತ.
ಆಗಿನವರು ಹಾಗೆ ಹೇಳಲಿಲ್ಲ.
ನರಕದ ಭಯ ನನಗಿಲ್ಲ, ಸೋದರ, ಸ್ವರ್ಗದ್ದೇ.
ಹೋದಮೇಲೆ ಅವನಿಲ್ಲವೆಂದು ತಿಳಿದರೆ
ವಾಪಸು ಬರುವ ದಾರಿ ಇಲ್ಲವಲ್ಲ."

ನಾನು ಹೆಸರು ಕೇಳಿದೆ. ಹೆಸರಿರಲಿಲ್ಲ.
ಚೀಟಿಯಲ್ಲಿ ಬರೆದುಕೊಂಡೆ: ಒಂದು ಗಂಟೆ.

ಆಮೇಲೆ ತಿರುವಿನ ಮನೆ.
ಗ್ವಾಲ್ಟರ್ ಬಾಗಿಲು ತೆರೆದ, ತಟ್ಟೆಯಲ್ಲಿ ಸೂಪು,
ಒಳಗೆ ರೇಡಿಯೊದಲ್ಲಿ ಫುಟ್‌ಬಾಲು.
ಎಷ್ಟು ಜನವೆಂದು ಕೇಳಲಿಲ್ಲ.
"ನನಗೇನೂ ಬೇಡ," ಎಂದ. ಸಿಟ್ಟಿಲ್ಲ, ಸೊಕ್ಕಿಲ್ಲ.
ಮೆಲ್ಲಗೆ ಬಾಗಿಲು ಹಾಕಿಕೊಂಡ.
ಧಡ್ಡೆಂದು ಬಡಿದಿದ್ದರೆ ನಿದ್ದೆ ಬರುತ್ತಿತ್ತು ನನಗೆ.

ಶಾಲೆಯ ನೆಲ, ನಲವತ್ತು ಗೊರಕೆ.
ಚಿಕ್ಕಂದಿನ ಧರ್ಮಪಾಠದ ಪುಸ್ತಕದಲ್ಲಿ
ನರಕಕ್ಕೆ ಬಾಲವಿತ್ತು, ಕವೆಗೋಲಿತ್ತು,
ಕೆಂಪು ಶಾಯಿ ಪುಟದಾಚೆಗೂ ಸೋರಿತ್ತು.
ಇರುಳಲ್ಲಿ ಆ ಪುಟ ತೆರೆಯದಂತೆ ಕಲ್ಲು ಹೇರುತ್ತಿದ್ದೆ.
ಈಗ ಅನ್ನಿಸುತ್ತದೆ: ಅದು ಬೆಚ್ಚಗಿನ ಮನೆ ಇರಬಹುದು,
ಸೂಪು ಹದವಾಗಿ, ರೇಡಿಯೊ ಹಾಡಿಕೊಂಡು,
ಯಾರೂ ಯಾರಿಗೂ ಕಾಯದೆ.

ಅವನ ಮಾತು ಯಾಕೆ? ನನ್ನದನ್ನೇ ಹೇಳುತ್ತೇನೆ.
ವರ್ಷವರ್ಷ ಅದೇ ಏಳು ಪಾಪ, ಅದೇ ಸಾಲಿನಲ್ಲಿ,
ಕರೆಂಟು ಬಿಲ್ಲು ಕಟ್ಟಿದಂತೆ ಒಪ್ಪಿಸಿ ಬರುತ್ತೇನೆ.
ಜಾಲರಿಯಾಚೆ ಪಾದ್ರಿ ಅಮಾನ್ಸಿಯೊ
ಆಕಳಿಸಿದ್ದು ಕೇಳಿಸಿದೆ.
ನನ್ನ ಬಾಗಿಲೂ ಹಾಗೇ ಮೆಲ್ಲಗೆ
ಮುಚ್ಚಿಕೊಳ್ಳುತ್ತಿದೆಯೋ ಏನೋ, ಸದ್ದಿಲ್ಲದೆ,
ಎಣ್ಣೆ ಹಾಕಿದ ತಿರುಗಣಿಯ ಮೇಲೆ.

ಬೆಳಗಿನ ಜಾವ, ಮಂಜು, ಸಗಣಿಯ ವಾಸನೆ.
ಮೊದಲ ಬಾಗಿಲಲ್ಲಿ ಹಾಲಿನ ಕ್ಯಾನು ಹಿಡಿದ ಹೆಂಗಸು:
"ಎಷ್ಟು ಜನ, ಸೋದರ?"

"ನಲವತ್ತೆರಡು," ಎಂದೆ.

ಮುಂದಿದ್ದ ಮುಖ್ಯಸ್ಥ ತಿರುಗಿ ನೋಡಿದ.
ಕಣ್ಣಲ್ಲೇ ಸಾಲನ್ನೊಮ್ಮೆ ಎಣಿಸಿದ.
ಏನೂ ಹೇಳದೆ ಜಪ ಎತ್ತಿಕೊಂಡ.

ತಪಸ್ಸುಕಾಲದಲ್ಲಿ ಸುಳ್ಳು.
ಎಂಟನೆಯದು. ಹೊಸದು.
ಇದನ್ನು ಹೇಳುವಾಗ ಗಂಟಲು ನಡುಗಬಹುದು.