ತಂದ್ಯಾ

ಅವತ್ತು ನನ್ನನ್ನು ಕರೆದದ್ದು ನೆರಳಾಗುವುದಕ್ಕೆ.
ರೇಷ್ಮೆ ಇಲಾಖೆಯ ದ್ವಿತೀಯ ದರ್ಜೆ ಸಹಾಯಕಿ,
ಗೂಡಿನ ತೂಕದ ಲೆಡ್ಜರು ಅರ್ಧಕ್ಕೆ ಮುಚ್ಚಿ
ಲೋಕಾಯುಕ್ತದ ಜೀಪು ಹತ್ತಿದೆ.
"ನೀವೇನೂ ಮಾಡೋದು ಬೇಡಮ್ಮ,
ಆಕೆ ಹಿಂದೆ ನಿಂತು ನೋಡಿ, ಕೇಳಿ. ಅಷ್ಟೇ."

ಆಕೆ ಚಿಕ್ಕತಾಯಮ್ಮ. ಪಾಂಡವಪುರದಲ್ಲಿ ಹಿಟ್ಟಿನ ಗಿರಣಿ.
ಸತ್ತ ಗಂಡನ ಹೆಸರಿಂದ ತನ್ನ ಹೆಸರಿಗೆ ಖಾತೆ ಆಗಬೇಕಿತ್ತು,
ಒಂದು ವರ್ಷ ಏಳು ತಿಂಗಳಿಂದ.
ಹತ್ತು ಐನೂರರ ನೋಟು. ನಂಬರು ಓದಿದರು, ಬರೆದುಕೊಂಡೆ.
ಬಿಳಿ ಪುಡಿ ಸವರುವ ಮುಂಚೆ
ಕೈ ತೊಳೆದು ಬಾರಮ್ಮ ಅಂದರು, ಎರಡು ಸಲ.
ತೊಳೆದಳು. ಉಗುರಿನ ಸಂದಿಯ ರಾಗಿಹಿಟ್ಟು ಹೋಗಲಿಲ್ಲ.
"ಇದು ವೋಗಲ್ಲ ಸಾ, ಮದ್ವೆ ಆದಾಗಿಂದ ಐತೆ."
ನಗಬೇಕೋ ಬೇಡವೋ ಯಾರಿಗೂ ಗೊತ್ತಾಗಲಿಲ್ಲ.

ಪುರಸಭೆ. ಮಹಡಿ ಮೆಟ್ಟಿಲು. ಕಿರುಗುಡುವ ಫ್ಯಾನು.
ಕಂದಾಯ ನಿರೀಕ್ಷಕ ಶಾಂತಮಲ್ಲಪ್ಪನವರು ತಲೆ ಎತ್ತಲಿಲ್ಲ,
ಬರೆಯುತ್ತಲೇ ಕೇಳಿದರು:
"ತಂದ್ಯಾ?"

ಸೆರಗಿನ ಗಂಟು ಬಿಚ್ಚಿದಳು.
ಎಡಗೈಯಲ್ಲಿ ತೆಗೆದುಕೊಂಡು, ಎಣಿಸದೆ,
ರಸೀದಿ ಪುಸ್ತಕದ ಕೆಳಗೆ ತಳ್ಳಿದರು.
ಆಮೇಲೆ ಗಾಜಿನ ಲೋಟದ ಸೋಡಾ ನೀರಿಗೆ
ಅದೇ ಬೆರಳು ಅದ್ದಿಸಿದಾಗ
ನೀರು ಕಣಗಿಲೆ ಹೂವಿನ ಬಣ್ಣಕ್ಕೆ ತಿರುಗಿತು.
ಸೀಸೆಗೆ ತುಂಬಿ, ಅರಗು ಒತ್ತಿದರು.
ಮೇಲೆ ನನ್ನ ಸಹಿ.

ಆರು ವರ್ಷದ ಮೇಲೆ ಮಂಡ್ಯದ ಕೋರ್ಟಿಗೆ ಸೀಸೆ ಬಂತು.
ಬಣ್ಣ ಹೋಗಿತ್ತು. ಸಹಿ ಇತ್ತು.
ಬಣ್ಣ ಇದ್ದಿದ್ದರೂ ಸಾಲದು ಸ್ವಾಮಿ, ಅಂದರು ವಕೀಲರು,
ಕೈ ಕೆಂಪಾದ ಮಾತ್ರಕ್ಕೆ ಲಂಚವಾಗುವುದಿಲ್ಲ,
ಕೇಳಿರಬೇಕು. ಕೇಳಿದ್ದು ರುಜುವಾತಾಗಬೇಕು.
ನನಗೆ ಹೊಳೆದೇ ಇರಲಿಲ್ಲ.
ನಮ್ಮ ಕಡೆ ಯಾರು ಬಾಯಿಬಿಟ್ಟು ಕೇಳುತ್ತಾರೆ?
ಕಡತ ಕೇಳುತ್ತದೆ. ‘ನಾಳೆ ಬಾ’ ಕೇಳುತ್ತದೆ.
ಸಾಹೇಬರು ಊಟಕ್ಕೆ ಹೋದರೆ ಅವರ ಖಾಲಿ ಕುರ್ಚಿ ಕೇಳುತ್ತದೆ,
ಹಿಂದೆ ನೇತುಹಾಕಿದ ಟವೆಲ್ಲು ಸಹ.

ಚಿಕ್ಕತಾಯಮ್ಮ ನನಗಿಂತ ಮೊದಲೇ ಕಟಕಟೆ ಹತ್ತಿ ಇಳಿದಿದ್ದಳು:
"ಅವ್ರು ಕೇಳ್ನಿಲ್ಲ ಸಾಮಿ. ಕಂದಾಯ ಅಂತ ನಾನೇ ಮಡುಗ್ದೆ."
ಪ್ರತಿಕೂಲ ಸಾಕ್ಷಿ ಎಂದು ಬರೆದುಕೊಂಡರು.
ಖಾತೆ ಆಗಿತ್ತಂತೆ, ಗೌರಿಹಬ್ಬದ ಹಿಂದಿನ ವಾರ.

"ನೀವು ಹೇಳಿಯಮ್ಮ. ಆರೋಪಿ ‘ದುಡ್ಡು’ ಅಂದರಾ?"
ಇಲ್ಲ.
"‘ಹಣ’? ‘ಐದು ಸಾವಿರ’? ಅಂಥದ್ದೇನಾದರೂ?"
ಇಲ್ಲ. ‘ತಂದ್ಯಾ’ ಅಂದರು.
"ಏನನ್ನ ತಂದ್ಯಾ? ಹಳೇ ರಸೀದಿನಾ? ಗಂಡನ ಮರಣಪತ್ರಾನಾ?"
ಎರಡಕ್ಷರದ ಕ್ರಿಯಾಪದ, ಸ್ವಾಮಿ.
ಕರ್ಮಪದ ನನ್ನ ಕಿವಿಗೆ ಬೀಳಲಿಲ್ಲ.

ಹೇಗೆ ಅಂದರೋ ಹಾಗೇ ಹೇಳಿ, ಅಂದರು ನ್ಯಾಯಾಧೀಶರು.
ಹೇಳಿದೆ. ಶಾಲೆಯಿಂದ ಬಂದ ಮಗುವನ್ನು ಕೇಳಿದ ಹಾಗಿತ್ತು.
ಅಲ್ಲ, ಹೀಗೆ, ಅಂತ ಮತ್ತೊಮ್ಮೆ ಹೇಳಿದೆ.
ಈ ಸಲ ಸುಂಕದಕಟ್ಟೆಯವನ ದನಿ.
ಬೆರಳಚ್ಚುಗಾರ್ತಿ ಎರಡನ್ನೂ ಒಂದೇ ಥರ ಟೈಪು ಮಾಡಿದಳು.

ತೀರ್ಪು ಮುಂದಿನ ತಿಂಗಳು.
ಹೊರಗೆ ಹೊಂಗೆಯಡಿ ಶಾಂತಮಲ್ಲಪ್ಪನವರು
ಕರವಸ್ತ್ರದಲ್ಲಿ ಕೈ ಒರೆಸುತ್ತ ನಿಂತಿದ್ದರು. ನಮಸ್ಕಾರ ಅಂದರು.
ನಾನೂ ಅಂದೆ. ಇನ್ನೇನು ಅನ್ನಲಿ.

ಬಸ್ಸಿನಲ್ಲಿ ನೆನಪಾಯಿತು ಶಿವಳ್ಳಿಯ ಆ ಮನುಷ್ಯ.
ಹುಳುಮನೆಯ ಸಹಾಯಧನ ಮಂಜೂರಾದ ದಿನ
ನನ್ನ ಮೇಜಿನ ಮೇಲೆ ಎರಡಚ್ಚು ಬೆಲ್ಲ ಇಟ್ಟು ಹೋಗಿದ್ದ.
ನಾನು ಕೇಳಿರಲಿಲ್ಲ.
ಕೇಳಿರಲಿಲ್ಲ, ಕೇಳಿರಲಿಲ್ಲ,
ಶ್ರೀರಂಗಪಟ್ಟಣದ ಸೇತುವೆ ಬರುವವರೆಗೂ.
ಅವನು ಬಾಗಿಲಲ್ಲಿ ನಿಂತಾಗ ಲೆಡ್ಜರಿನಿಂದ ತಲೆ ಎತ್ತದೆ
ಒಂದು ಮಾತು ಅಂದದ್ದು ಹೌದು.
ಅದು ಆಧಾರ್ ನಕಲಿಗೆ.
ಪ್ರಮಾಣ ಮಾಡಿ ಹೇಳುತ್ತೇನೆ, ನಕಲಿಗೆ.