ಒಂಬತ್ತನೆಯ ಮೀನು

ಸಫಿ ಬಂದರಿನ ಹಿಂದೆ, ಡಬ್ಬಿ ಕಾರ್ಖಾನೆಯ ಮೇಲ್ಮಹಡಿ.
ಕೆಳಗೆ ಹೆಂಗಸರು ಸಾರ್ಡೀನಿನ ತಲೆ ಚಿವುಟುವ ಸದ್ದು,
ಮೇಲೆ ನಾನು, ನನ್ನ ಬಿಳಿ ಕೋಟು,
ದೋಣಿಗೆ ಒಂಬತ್ತರಂತೆ ಮೀನು.

ಅರೆಯುತ್ತೇನೆ, ಕಲಕುತ್ತೇನೆ, ಸೋಸುತ್ತೇನೆ,
ಥೇಟು ಅಡುಗೆಯೇ, ರುಚಿ ನೋಡುವುದೊಂದು ಬಿಟ್ಟು.
ತೊಂಬತ್ತಾರು ಗುಳಿಯ ತಟ್ಟೆ,
ಅಳಗುಳಿಮಣೆಯ ಮರಿಮಗಳು;
ಗುಳಿಗೊಂದೊಂದು ಹನಿ.
ನೀಲಿ ಮೂಡುತ್ತದೆ. ಆಮ್ಲ ಬಿದ್ದೊಡನೆ
ನೀಲಿ ಹಳದಿಗೆ ಹೊರಳುತ್ತದೆ.
ಇಲ್ಲಿಯ ನ್ಯಾಯ ತಲೆಕೆಳಗು:
ಕಡು ಹಳದಿ ನಿರಪರಾಧಿ,
ಬಿಳಚಿಕೊಂಡದ್ದೇ ತಪ್ಪಿತಸ್ಥ.

ಮಹ್ಜೂಬ್ ಬಾಗಿಲಲ್ಲಿ. ಬೂಟಿನಿಂದ ಇನ್ನೂ ಸಮುದ್ರ ಸೋರುತ್ತಿದೆ.
"ಕಣ್ಣು ನೋಡು, ಕಿವಿರು ನೋಡು, ಮೂಸು ಮಗಳೇ,
ನಲವತ್ತು ವರ್ಷದ ಮೂಗು ಇದು, ಸುಳ್ಳಾಡೀತೆ?"

ಆಡುವುದಿಲ್ಲ. ಮೂಗಿನದೇನೂ ತಪ್ಪಿಲ್ಲ.
ಹಿಸ್ಟಮೀನಿಗೆ ವಾಸನೆಯಿಲ್ಲ, ಬಣ್ಣವಿಲ್ಲ,
ಬೇಯಿಸಿದರೆ ಸಾಯದು,
ಮಂಜಿನಲ್ಲಿಟ್ಟರೆ ಇದ್ದಷ್ಟೇ ಇದ್ದು ಕಾಯುತ್ತದೆ.
ಐಸು ಕರಗಿದ ಯಾವುದೋ ಮಧ್ಯಾಹ್ನವನ್ನು
ಮನುಷ್ಯ ಮರೆತರೂ ಮೀನು ಮರೆಯದು.

ಎಂಟು ಹಳದಿ.
ಒಂಬತ್ತನೆಯದು ನಿಂಬೆ ತೊಳೆದ ನೀರು.
ಇನ್ನೂರ ಹದಿನಾಲ್ಕು.

ನನಗಾಗ ಏಳು ವರ್ಷ. ಬಟೂಲಳ ಮದುವೆ, ಬೊನಿಟೊ ಊಟ.
ಕೈ ತೊಳೆಯುವಷ್ಟರಲ್ಲಿ ಮುಖ ಕೆಂಡ,
ಕಿವಿ ಸುಡುತ್ತಿತ್ತು, ಎದೆಯೊಳಗೆ ಯಾರೋ ತಮಟೆ ಬಡಿದಂತೆ.
"ಕಣ್ಣು ಬಿತ್ತು, ಹೊಸ ಅಂಗಿಗೆ ಕಣ್ಣು ಬಿತ್ತು" ಎಂದಳು ಅಜ್ಜಿ ಇಟ್ಟೊ.
ಕೆಂಡಕ್ಕೆ ಹರ್ಮಲ್ ಬೀಜ ಎರಚಿದರು, ಚಟಪಟ ಸಿಡಿಯಿತು,
ಹೊಗೆಯ ನಡುವೆ ಎಲ್ಲರೂ ತಿರುಗಿ ನೋಡಿದ್ದು
ಪಕ್ಕದ ಮನೆಯ ತಮೂಳನ್ನು.
ಮಕ್ಕಳಿಲ್ಲದವಳು. ತಿಳಿಗಣ್ಣಿನವಳು.
ನನ್ನ ಕೆನ್ನೆ ಸವರಿ "ಎಷ್ಟು ಚೆಂದ" ಎಂದಿದ್ದಳು, ಅಷ್ಟೆ.

ಸಂಜೆಗೆ ನನ್ನ ಕೆಂಪು ಇಳಿಯಿತು.
ತಮೂ ನಮ್ಮ ಹೊಸ್ತಿಲು ಮತ್ತೆ ತುಳಿಯಲಿಲ್ಲ,
ತುಳಿಯಗೊಡಲಿಲ್ಲ.

ಮಹ್ಜೂಬ್ ಚೀಟಿಯನ್ನು ದೂರ ಹಿಡಿದು ಓದುತ್ತಾನೆ.
"ಇನ್ನೊಂದು ಮೀನು ನೋಡಬಹುದಿತ್ತು."
ನಾನು ಮಾತಾಡುವುದಿಲ್ಲ.
ಎಷ್ಟೋ ಹೊತ್ತಿಗೆ, ಮೆಟ್ಟಿಲಿಗೆ ಹೇಳುವಂತೆ:
"ಐಸು ಸಾಲಲಿಲ್ಲ. ಎರಡು ಗಂಟೆ, ಹೆಚ್ಚಿಲ್ಲ."

ಅವನ ಹೆಸರಿನ ಕೆಳಗೆ ಸಹಿ ಹಾಕುತ್ತೇನೆ.
ತಮೂ ಸತ್ತು ಹನ್ನೊಂದು ವರ್ಷ.
ಇದರದೊಂದು ಪ್ರತಿ ಅವಳಿಗೆ ಸಲ್ಲಬೇಕಿತ್ತು,
ಯಾವ ವಿಳಾಸಕ್ಕೆ?

ಕೆಳಗಿನಿಂದ ಕೂಗು: ಮುಂದಿನ ದೋಣಿ.
ಒಂಬತ್ತು ಮೀನು, ಎಲ್ಲ ಕಣ್ಣು ತೆರೆದೇ ಇವೆ.