ಒಳಗೆ ಬಿಟ್ಟ ಒಂದೂವರೆ ಇಂಚು

ಕೈಗಡಿಯಾರ ಹೇಳುತ್ತದೆ: ಇವತ್ತು ನಾಲ್ಕು ಸಾವಿರ ಹೆಜ್ಜೆ.
ಸುಳ್ಳು.
ಮದುವೆ ಸೀಸನ್ನಿನ ಪ್ಯಾಂಟುಗಳಿಗೆ ಇಸ್ತ್ರಿ ಹೊಡೆದೆ, ಅಷ್ಟೆ.
ಕೈ ಮುಂದೆ ಹೋಯಿತು, ಹಿಂದೆ ಬಂತು,
ದುರ್ಗಿಗುಡಿಯ ಎಂಟಡಿ ಅಂಗಡಿಯಲ್ಲಿ
ನಾನು ನಿಂತಲ್ಲೇ ನಿಂತಿದ್ದೆ.
ಪಾಪ, ಬೀಸಿದ್ದನ್ನೆಲ್ಲ ನಡಿಗೆ ಎಂದುಕೊಳ್ಳುವ
ಎಳೆಕೂಸು ಅದು.

ನಲವತ್ತು ವರ್ಷ ಕಾಲ್ಮಿಷನ್ನು ತುಳಿದಾಗ
ಎಣಿಸುವವರು ಯಾರೂ ಇರಲಿಲ್ಲ.
ತುಳಿದದ್ದನ್ನು ಉದ್ದಕ್ಕೆ ಹಾಸಿದ್ದರೆ
ಆಗುಂಬೆ ಘಾಟಿ ಇಳಿದು, ಮಲ್ಪೆ ದಾಟಿ
ನೀರಿನ ಮೇಲೂ ನಾಲ್ಕು ಗಜ ಹೋಗಿರುತ್ತಿದ್ದೆ.
ಮಂಡಿ ನೋವೆಂದು ಮೋಟಾರು ಕೂರಿಸಿದೆ.
ಕಾಲಿಗೆ ರಜೆ ಸಿಕ್ಕಿತು,
ಸಕ್ಕರೆಗೆ ಕೆಲಸ ಸಿಕ್ಕಿತು.

ಮೆಗ್ಗಾನ್ ಆಸ್ಪತ್ರೆಯ ಚೀಟಿ ನೋಡಿ
ಆಶಾ ಕಾರ್ಯಕರ್ತೆ ನಸೀಮಾ ಫೋನಿಗೆ ಏನೋ ಇಳಿಸಿಕೊಟ್ಟಳು.
"ತಿಂದದ್ದೆಲ್ಲ ಬರೀರಿ ಕಾಕಾ, ಬೆರಳು ಚುಚ್ಚಿದ ನಂಬರೂ ಹಾಕಿ.
ಕೆಂಪಾದರೆ ನನಗೆ ಗೊತ್ತಾಗುತ್ತೆ."
ಮೊದಲ ದಿನ ಬರೆದೆ: ಎರಡು ಇಡ್ಲಿ.
ಮೂರನೆಯದನ್ನು ಬರೆಯಲಿಲ್ಲ,
ಕೇಸರಿಬಾತನ್ನಂತೂ ನೆನಪೇ ಮಾಡಿಕೊಳ್ಳಲಿಲ್ಲ.
ಬೆರಳ ತುದಿಯ ಹನಿ ಮಾತ್ರ ಎಲ್ಲ ಒಪ್ಪಿಕೊಂಡಿತು.
ಗಿರಾಕಿಯ ಮುಖ ನೋಡಿ ಮಾತಾಡುವ ಚಾಳಿ ಅದಕ್ಕಿಲ್ಲ.

ನನಗಿದೆ.
ಕಪಾಟಿನಲ್ಲಿ ಹನ್ನೊಂದು ಅಳತೆ ಪುಸ್ತಕ:
ಸೊಂಟ, ಸೀಟು, ತೊಡೆ, ಉದ್ದ.
ಪೋಸ್ಟಾಫೀಸಿನ ಹಾಲೇಶಪ್ಪ, ಎಂಬತ್ತೇಳರಲ್ಲಿ ಮೂವತ್ತು.
ಮಗಳ ಮದುವೆಯ ಹೊತ್ತಿಗೆ ಮೂವತ್ತೆಂಟು.
ಆಮೇಲೊಂದು ವರ್ಷ ಇದ್ದಕ್ಕಿದ್ದಂತೆ ಮೂವತ್ತಮೂರು.
"ಏನ್ ಸಾರ್, ವಾಕಿಂಗಾ?" ಎಂದು ನಕ್ಕಿದ್ದೆ.
ಅವರೂ ನಕ್ಕರು.
ಮುಂದಿನ ಸಲ ಅಂದರು:
ಎಡಗಾಲು ಮಂಡಿಯ ತನಕ ಸಾಕು.

ಗಿರಾಕಿಯ ಸೊಂಟದ ಸುದ್ದಿ ದರ್ಜಿ ಎತ್ತಬಾರದು,
ಅಪ್ಪ ಕಲಿಸಿದ ಮೊದಲ ಪಾಠ.
ಎರಡನೆಯದು: ಒಳಹೊಲಿಗೆಯಲ್ಲಿ ಒಂದೂವರೆ ಇಂಚು ಬಿಟ್ಟಿರು.
ಬಿಟ್ಟೆ. ಊರಿಗೆಲ್ಲ ಬಿಟ್ಟೆ.
ಗುಂಡಿ ಕೂರದಾದಾಗ ಬಂದರು, ಬಿಚ್ಚಿಕೊಟ್ಟೆ, ಹತ್ತು ರೂಪಾಯಿ,
ಇನ್ನಷ್ಟು ತಿನ್ನಿ ಎಂದು ನನ್ನ ಕತ್ತರಿಯೇ ಬಡಿಸಿದ ಹಾಗೆ.

ಗಡಿಯಾರಕ್ಕೆ ಅಪ್ಪನಿಲ್ಲ.
ಕೂತು ಗಂಟೆಯಾದರೆ ಸಾಕು, ಮಣಿಕಟ್ಟಿನಲ್ಲಿ ಗುರ್ ಎನ್ನುತ್ತದೆ,
ಕಾಜಾದ ಸೂಜಿ ಅರ್ಧದಲ್ಲಿರುವಾಗಲೇ.
ಮೊನ್ನೆ ರಾತ್ರಿ ಬಾಗಿಲು ಅರ್ಧ ಎಳೆದು
ಮೊದಲ ಸಲ ನನ್ನ ಸೊಂಟಕ್ಕೆ ಟೇಪು ಸುತ್ತಿದೆ.
ಯಾರೂ ಇರಲಿಲ್ಲ, ಆದರೂ ಹೊಟ್ಟೆ ಒಳಗೆಳೆದುಕೊಂಡೆ.
ಬಿಟ್ಟೆ. ಮತ್ತೆ ಸುತ್ತಿದೆ.
ಪುಸ್ತಕದಲ್ಲಿ ಬರೆದೆ: ಪಾಂಡೋಬ, ಮೂವತ್ತೊಂಬತ್ತು, ಮುಂಗಡ ಇಲ್ಲ.
ಫೋನಿನಲ್ಲೂ ಬರೆದೆ, ಕೇಸರಿಬಾತಿನ ಸಮೇತ.
ಪರದೆ ಕೆಂಪಾಯಿತು.
ಬೆಳಿಗ್ಗೆ ನಸೀಮಾ: "ಈಗ ಶುರುವಾಯಿತು ನೋಡಿ ಕಾಕಾ."

ಇಸ್ತ್ರಿ ಹಿಡಿಯುವ ಮೊದಲು ಈಗ ಗಡಿಯಾರ ಬಿಚ್ಚಿಡುತ್ತೇನೆ.
ಸಂಜೆ ಕಟ್ಟಿಕೊಂಡು ಹೊರಟರೆ
ತುಂಗೆಯ ಸೇತುವೆಯ ನಡುವಿಗೆ ಬರುವಷ್ಟರಲ್ಲಿ ಏದುಸಿರು.
ಎರಡು ಸಾವಿರದ ಇನ್ನೂರ ಹತ್ತು.
ಕಮ್ಮಿಯೇ. ಆದರೆ ಕಾಲಿನದು.

ಇವತ್ತು ಬ್ಯಾಂಕಿನ ಹುಡುಗ ಬಂದಿದ್ದ,
ಮೂವತ್ತು ತುಂಬಿಲ್ಲ, ಸೊಂಟ ಮೂವತ್ತೆಂಟು.
"ಸ್ವಲ್ಪ ಲೂಸ್ ಬಿಡಿ ಅಂಕಲ್."
ಕೇಳಿಯೇಬಿಟ್ಟೆ: ಸಕ್ಕರೆ ನೋಡಿಸಿದೀರಾ?
ಮುಖ ಊದಿಸಿಕೊಂಡು ಬಟ್ಟೆ ವಾಪಸು ಕೇಳಿದ.
ಮಡಿಸಿ ಕೊಟ್ಟೆ,
ಒಳಮೈಯಲ್ಲಿ ಸೀಮೆಸುಣ್ಣದಿಂದ ನಸೀಮಾಳ ನಂಬರು ಗೀಚಿ.
ಒಗೆದರೆ ಹೋಗುತ್ತದೆ.
ಒಗೆಯುವ ಮುನ್ನ, ಇನ್ಯಾವನೋ ದರ್ಜಿ
ಮೇಜಿನ ಮೇಲೆ ಬಿಡಿಸಿ ಹಾಸಿಯಾನು.